ಮೊಳೆಗೆ ಹಾಕಿದ ಬಿಲ್ಲೆ

ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ಹಟ್ಟಿ ಬಸ್ಸಿಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಮುದುಕನೊಬ್ಬನಿಗೆ ಮೊಬೈಲು ತೋರಿಸುತ್ತಿದ್ದಳು.

“ಖಾದರಬಾಷಾ ಕಾಕಾ, ಈ ಫೋಟೋ ನೋಡ್ರಿ. ಹಿಮಾಲಯದಾಗ ಘಟ್ಟದ ಬುಡಕ ಚಾ ಅಂಗಡಿ ಐತಂತ. ಆ ಅಂಗಡಿ ಅಕ್ಕ ಕಳಿಸ್ಯಾಳ.”

“ಇದು ನಿನ್ನ ಗಂಡನ ನಂಬರು ಇರೋ ಗಣಿ ಬಿಲ್ಲೆ ಅಲ್ಲೇನವ್ವಾ? ಮೊಳಿಗೆ ಯಾಕ ಹಾಕ್ಯಾರ?”

“ಮರ್ತು ಹೋಗ್ಯಾರ್ರಿ. ಚೀಲ ಹೊತ್ಕೊಂಡು ಒಬ್ರೇ ಹಿಮದ ಘಟ್ಟ ಎರಡು ದಾಟಿ, ಮತ್ತ ಅಲ್ಲಿಗೇ ಬರ್ತೀನಿ ಅಂದಿದ್ರು.”

“ಯಾವತ್ತು ಬರೋದಿತ್ತು?”

“ರವಿವಾರ.”

“ಇವತ್ತು ಬುಧವಾರ.”

“ಹಿಮ ಬಿದ್ರ ತಡ ಆಗ್ತೈತಿ ಅಂದಿದ್ರು.”

“ನಿನ್ನ ಗಂಡ ಮಾಳಿಂಗರಾಯ ಮರ್ತಿಲ್ಲವ್ವಾ. ಗಣಿಗೆ ಇಳಿಯೋ ಮುಂದ ನಾವು ಬಿಲ್ಲೆ ಮೊಳಿಗೆ ಹಾಕ್ತಿದ್ವಿ. ಹೊರಗ ಬಂದ ಮ್ಯಾಲ ನಾವೇ ತಕ್ಕೊಂತಿದ್ವಿ. ಪಾಳಿ ಮುಗಿದ್ರೂ ಬಿಲ್ಲೆ ಅಲ್ಲೇ ಇದ್ರ, ಒಳಗ ಮನುಷ್ಯ ಉಳದಾನ, ಹುಡುಕ್ರಿ ಅಂತ ಅರ್ಥ. ಆ ಅಂಗಡಿಯಾಕಿಗೂ ಹಂಗೇ ಹೇಳಿ ಹೋಗಿರ್ಬೇಕು.”

ಅವಳು ಮೊಬೈಲನ್ನು ಮಡಿಲಿಗೆ ಇಳಿಸಿದಳು.

“ಸೋಮವಾರ ಈ ಫೋಟೋ ಕಳಿಸಿ ಆಕಿ ಕೇಳಿದ್ಲು ಕಾಕಾ. ಬಿಲ್ಲೆ ಇನ್ನೂ ಇಲ್ಲೇ ಐತಿ, ಏನ್ ಮಾಡ್ಲಿ ಅಂತ.”

“ನೀ ಏನಂದಿ?”

“ಕಳದೀತು, ತಗದು ಪೆಟ್ಟಿಗ್ಯಾಗ ಇಡ್ರಿ ಅಂದೆ.”

“ತಗದ್ಲೇನು?”

“ಆವಾಗ್ಲೇ ತಗದ್ಲು.”

“ಹಂಗಾರ, ನೀ ತಗೀರಿ ಅಂದಿದ್ದಕ್ಕ ಅವ ಇಳಿದು ಬಂದಾನ ಅಂತ ತಿಳಕೊಂಡಾಳ. ಇಲ್ಲೀತನ ಅವನ್ನ ಯಾರೂ ಹುಡುಕಿಲ್ಲ.”

ಹಟ್ಟಿ ಬಸ್ಸು ಬಂತು. ಮುದುಕ ಅವಳ ಕೈಹಿಡಿದು ಎಬ್ಬಿಸಿದ. ಇಬ್ಬರೂ ಬಸ್ಸಿನ ಕಡೆ ತಿರುಗದೆ ಪೊಲೀಸ್ ಠಾಣೆಯ ದಾರಿ ಹಿಡಿದರು.