ಮಾರ್ದನಿ ಕೆಲಸದವಳು

ರಾತ್ರಿ ಹೊತ್ತು ಹಾಳು ಬಾವಿಯ ಪಕ್ಕದ ದಾರಿಯಲ್ಲಿ ಒಬ್ಬಳೇ ಮನೆಗೆ ಬರುವುದು ನನ್ನ ಚಿಕ್ಕಪ್ಪನ ಮಗಳಿಗೆ ಲೆಕ್ಕಕ್ಕೇ ಇರಲಿಲ್ಲ. ಎದುರು ಬಂದ ದೆವ್ವವೇ ಪಕ್ಕಕ್ಕೆ ಸರಿಯಬೇಕು, ಅಂಥ ಬಾಯಿ ಅವಳದು. ಅವಳಿಗೇ ಆದದ್ದು ಇದು. ದೀಪ ಇರಲಿ... ಹೇಳುತ್ತೇನೆ.

ನಾನು ಹುಟ್ಟಿದ ಕಡೆ ನೋಡುವಂಥದ್ದು ಏನೂ ಇಲ್ಲ. ಆದರೂ ಈಗ ನಾನಿರುವ ಈ ದೂರದ ಊರಿನವರು ರಜೆ ಬಂತೆಂದರೆ ಅಲ್ಲಿಗೇ ಓಡುತ್ತಾರೆ, ತಿರುಗಿ ಬಂದು ನನಗೇ ಫೋಟೋ ತೋರಿಸುತ್ತಾರೆ. ಜಲಪಾತವಂತೆ! ಕೊಡ ಬಗ್ಗಿಸಿದರೆ ಅದಕ್ಕಿಂತ ಜೋರಾಗಿ ನೀರು ಬೀಳುತ್ತದೆ. ಆನೆಬಂಡೆಯಂತೆ! ಬೋರ್ಡಿನ ಮೇಲೆ ಹಂದಿ ಎಂದು ಬರೆದಿದ್ದರೆ ಹಂದಿಯೇ ಕಾಣುತ್ತಿತ್ತು. ಇನ್ನೊಂದು ಮಾರ್ದನಿ ಕಣಿವೆ. ಈಚೆ ಕಬ್ಬಿಣದ ಕಂಬಿ ಹಿಡಿದು ನಿಂತು ಕೂಗಿದರೆ, ಆಚೆಯ ಬಂಡೆ ಮೂರು ಸಲ ತಿರುಗಿ ಕೂಗುತ್ತದೆ ಎಂದು ಪ್ರಸಿದ್ಧಿ.

ಬಂಡೆಗೇನು ಬಂದಿದೆ ಕೂಗುವುದಕ್ಕೆ? ಕೂಗುತ್ತಿದ್ದವಳು ನನ್ನ ಈ ತಂಗಿ.

ಅವಳ ಗಂಡ ಅಲ್ಲಿ ಗೈಡು. ಬಂಡೆ ಗೊಣಗುವುದೂ ಇಲ್ಲ ಎಂದು ಗೊತ್ತಾದ ಮೇಲೆ ಹೆಂಡತಿಯನ್ನೇ ಅದರ ಹಿಂದೆ ಕೂರಿಸಿದ ಪುಣ್ಯಾತ್ಮ. ಅವಳದು ಹುಟ್ಟಿನಿಂದ ಗಂಡುಗಂಟಲು. ಬಂದವರು ಏನು ಕೂಗಿದರೂ ಅದನ್ನೇ ಮೂರು ಸಲ ಕೂಗಬೇಕು, ಒಂದಕ್ಕಿಂತ ಒಂದು ಸಣ್ಣಗೆ. ದೊಡ್ಡ ದೊಡ್ಡ ಓದು ಓದಿದವರೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು! ಅವಳ ಕೈಗೆ ಟಾರ್ಚು ಮಾತ್ರ ಕೊಡುತ್ತಿರಲಿಲ್ಲ. ಬೆಳಕು ಕಂಡರೆ ಗುಟ್ಟು ರಟ್ಟು. ಕತ್ತಲಾದರೆ ಅವನು ಕಂಬಿಯ ಹತ್ತಿರ ನಿಂತು ಕರೆಯಬೇಕು, ಅವಳು ಆ ದನಿ ಹಿಡಿದುಕೊಂಡು ಕಣಿವೆಯ ಅಂಚು ಸುತ್ತಿ ಬರಬೇಕು. ಅದು ಅವರಿಬ್ಬರ ಏರ್ಪಾಟು.

ಆ ದಿನ ಒಂದು ವ್ಯಾನು ತುಂಬ ಜನ. ಅದರಲ್ಲೊಬ್ಬ ಡೊಳ್ಳುಹೊಟ್ಟೆಯವನು, "ನಾನೇ ರಾಜ!" ಎಂದು ಕೂಗಿದ್ದೇ ಕೂಗಿದ್ದು. ಇವಳೂ ರಾಜ, ರಾಜ, ರಾಜ ಎಂದು ಹಲ್ಲು ಕಡಿಯುತ್ತಾ ಒದರಿದಳು. ಸೂರ್ಯಾಸ್ತ ನೋಡಬೇಕೆಂದು ಕೂತರು. ಅವರ ಮನೆಯ ಮೇಲೆ ಸೂರ್ಯ ಮುಳುಗುವುದೇ ಇಲ್ಲವೇನೋ! ಕೊನೆಗೆ ವ್ಯಾನಿನ ಬಾಗಿಲು ಧಡ್ ಎಂದಿತು. ಗುರ್ರ್... ಸದ್ದು ದೂರವಾಯಿತು.

ಕಾಲ ಬೆರಳು ಕಾಣದಷ್ಟು ಕತ್ತಲೆ.

"ಬಾರೇ..."

ಗಂಡನ ದನಿ. ಇವಳು ಎದ್ದು ಹೊರಟಳು. ಚಪ್ಪಲಿಯಡಿ ಜಲ್ಲಿ ಕರಕರ ಎನ್ನುತ್ತಿತ್ತು. ಕಣಿವೆ ಸುತ್ತಿದ ಮೇಲೆ ದಾರಿ ಕವಲಾಗುತ್ತದೆ. ಒಂದು ಮೇಲೆ ಕಂಬಿಯ ಕಡೆಗೆ. ಇನ್ನೊಂದು ಚಾಚಿಕೊಂಡ ಬಂಡೆಯ ತುದಿಗೆ... ಅಲ್ಲಿಂದ ಮುಂದೆ ಬರೀ ಗಾಳಿ. ತಪ್ಪಿ ಕಾಲಿಟ್ಟರೆ ಮೂಳೆಯೂ ಸಿಗುವುದಿಲ್ಲ.

ಕವಲಿನಲ್ಲಿ ನಿಂತಳು.

"ಬಾರೇ..." ಎಡಗಡೆಯಿಂದ.

"ಬಾರೇ..." ಬಲಗಡೆಯಿಂದ.

ಎರಡೂ ಅವನದೇ ದನಿ. ಅದೇ ಮೂಗುರಾಗ.

ಕತ್ತಲಲ್ಲಿ ಸುತ್ತಿ ಸುತ್ತಿ ಯಾವ ಕಡೆ ಏರು, ಯಾವ ಕಡೆ ಬಂಡೆ ಎಂಬುದೇ ತಲೆಯಿಂದ ಹೋಗಿತ್ತು. ಬೇರೆಯವಳಾಗಿದ್ದರೆ ಅಲ್ಲೇ ಕುಸಿದು ಕೂರುತ್ತಿದ್ದಳು. ಇವಳು ಸೊಂಟಕ್ಕೆ ಸೆರಗು ಸಿಕ್ಕಿಸಿ, ಗಂಟಲು ಬಿಚ್ಚಿ ಕೂಗಿದಳು:

"ಕತ್ತೆ ಮುಂಡೇದೇ!"

ಎಡಗಡೆಯಿಂದ ತಣ್ಣಗೆ ಬಂತು: "ಕತ್ತೆ ಮುಂಡೇದೇ... ಮುಂಡೇದೇ... ಡೇದೇ..." ಒಂದಕ್ಕಿಂತ ಒಂದು ಸಣ್ಣಗೆ. ಇವಳ ಕಸುಬನ್ನೇ ಕಲಿತುಬಿಟ್ಟಿತ್ತು ಅದು.

ಬಲಗಡೆಯಿಂದ ಬಂತು: "ಯಾರಿಗೇ ಅಂದೆ?"

ಇವಳಿಗೆ ಹೋದ ಜೀವ ಬಂದಂತಾಯಿತು. ಬೈದರೆ ಉರಿದುಬೀಳುವವನು ಗಂಡನಲ್ಲದೆ ಇನ್ಯಾರು? ಬಲಕ್ಕೆ ತಿರುಗಿ ಹತ್ತಿದಳು. ದಾರಿ ಸರಿಯಾಗಿಯೇ ಇತ್ತು. ಟಣ್... ಟಣ್... ಅರ್ಧ ಏರಿದ ಮೇಲೆ ಕಬ್ಬಿಣದ ಸದ್ದು ಶುರುವಾಯಿತು. ಗಂಡ ನೆಲದ ಮೇಲೆ ಕೂತು ಕಲ್ಲಿನಿಂದ ಕಂಬಿ ಬಡಿಯುತ್ತಿದ್ದ.

"ಕರೆಯೋದು ಬಿಟ್ಟು ಇದೇನ್ರೀ ಆಟ?"

ಅವನು ಗಂಟಲು ಹಿಡಿದುಕೊಂಡ. ಬರೀ ಉಸಿರಿನಲ್ಲಿ ಹೇಳಿದ: "ದನಿ ಹೋಗಿದೆ ಕಣೇ... ಆ ಜನದ ಜೊತೆ ಕೂಗೀ ಕೂಗೀ... ಅವರು ಹೋದ ಮೇಲೆ ಒಂದು ಸಲವೂ ಕರೆದಿಲ್ಲ."

"ಮತ್ತೆ... ನಾನು ಬೈದಾಗ?"

"ಏನಂತ ಬೈದೆ?"

ಇವಳು ಬಾಯಿ ತೆರೆಯುವ ಮೊದಲೇ, ಈಗ ತಾನೇ ಹತ್ತಿ ಬಂದ ದಾರಿಯಿಂದ, ಕೈಗೆ ಸಿಗುವಷ್ಟು ಹತ್ತಿರದಿಂದ ಕೇಳಿತು. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಯಾರಿಗೇ ಅಂದೆ?"

ಇಬ್ಬರಿಗೂ ಕೇಳಿಸಿತು. ನೀವು ನಗಬಹುದು, ನಗಿ. ಅವಳೇ ಎದುರು ಕೂತು ನನಗೆ ಹೇಳಿದ್ದು. ನನ್ನ ಹತ್ತಿರ ಸುಳ್ಳು ಹೇಳುವಷ್ಟು ಮರ್ಯಾದೆ ಅವಳು ನನಗೆ ಎಂದೂ ಕೊಟ್ಟವಳಲ್ಲ.