ಹಾಳೆಯ ಹಿಂಬದಿ

ಮಾನ್ಯ ಅಧ್ಯಕ್ಷರೇ, ನಿರ್ದೇಶಕರೇ, ಮುಖ್ಯ ಅತಿಥಿಗಳೇ, ನನ್ನ ಜೊತೆ ಮೂವತ್ತು ವರ್ಷ ಈ ಸಂಗ್ರಹಾಲಯದ ಧೂಳು ಕುಡಿದ ಸಹೋದ್ಯೋಗಿಗಳೇ, ಮತ್ತು ಮೂರನೇ ಸಾಲಿನಲ್ಲಿ ಕೂತಿರುವ ನಮ್ಮಮ್ಮನೂ ಸೇರಿದಂತೆ ಎಲ್ಲ ಸಭಿಕರೇ,

ಬೀಳ್ಕೊಡುಗೆಯ ದಿನ ಹೋಗುವವನು ಎರಡು ಒಳ್ಳೆ ಮಾತಾಡಿ ಕೂರಬೇಕು. ಗೊತ್ತು. ನಿರ್ದೇಶಕರು ನನ್ನನ್ನು ಈ ಸಂಸ್ಥೆಯ ಬೆನ್ನೆಲುಬು ಎಂದರು. ಬಹಳ ಸಂತೋಷ. ಬೆನ್ನುನೋವಿಗೆ ರಜೆ ಕೇಳಿದಾಗ ಹೀಗೆ ಅಂದಿದ್ದರೆ ಇನ್ನೂ ಸಂತೋಷವಾಗುತ್ತಿತ್ತು.

ಆಮೇಲೆ ಅವರು ಇನ್ನೊಂದು ಸುದ್ದಿ ಹೇಳಿದರು. ನಮ್ಮ ಹೆಮ್ಮೆಯ ಕಾದಂಬರಿಕಾರರ ಹಸ್ತಪ್ರತಿಯ ನಲವತ್ತು ಹಾಳೆಗಳಿಗೆ ಗಾಜು ಹಾಕಿ, ಚೌಕಟ್ಟು ಕೂರಿಸಿ, ಮುಂದಿನ ವಾರ ಇದೇ ಗೋಡೆಗೆ ಶಾಶ್ವತವಾಗಿ ಬಿಗಿಯುತ್ತಾರಂತೆ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನು ತಟ್ಟಲಿಲ್ಲ. ಯಾಕೆ ತಟ್ಟಲಿ? ಹಾಳೆಗೆ ಎರಡು ಬದಿ ಇರುತ್ತದೆ ಅನ್ನುವುದು ಈ ಕಟ್ಟಡದಲ್ಲಿ ಒಬ್ಬರಿಗೂ ನೆನಪಿಲ್ಲವೇ?

ಕಾದಂಬರಿಕಾರರ ಮನೆ ನೂಲಿನ ಗಿರಣಿಯ ಹಿಂದಿನ ಬೀದಿಯಲ್ಲಿತ್ತು. ಗಿರಣಿಯಲ್ಲಿ ಮುಷ್ಕರ ಶುರುವಾದಾಗ ಕಾರ್ಮಿಕರ ಸಮಿತಿಗೆ ದಿನದ ನಡಾವಳಿ ಬರೆದು ಸಹಿ ಹಾಕಿಸಲು ಕಾಗದವಿರಲಿಲ್ಲ. ಅವರು ತಮ್ಮ ಕರಡು ಹಾಳೆಗಳನ್ನೇ ಕೊಟ್ಟು, "ಹಿಂದುಗಡೆ ಬರ್ಕೊಳ್ಳಿ, ಮುಂದುಗಡೆ ನಾನು ಹೇಗೂ ಹಾಳು ಮಾಡಿದೀನಿ" ಎಂದರಂತೆ. ನಲವತ್ತು ದಿನದ ಮುಷ್ಕರ, ದಿನಕ್ಕೊಂದು ಹಾಳೆ, ಎಲ್ಲ ಪೆನ್ಸಿಲಿನಲ್ಲಿ. ಸಮಿತಿಯದು ಒಂದೇ ಹಟ: ಹೆಬ್ಬೆಟ್ಟು ಒತ್ತುವಂತಿಲ್ಲ, ಹೆಸರು ಬರೆಯಲು ಕಲಿತೇ ಸಹಿ ಹಾಕಬೇಕು. ನೂಲು ಸುತ್ತುವ ಹದಿನೆಂಟರ ಹುಡುಗಿಯೊಬ್ಬಳು ಹನ್ನೊಂದು ದಿನ ಗಿರಣಿಯ ಗೇಟಿನ ಮುಂದೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ತಿದ್ದಿದಳು. ಹನ್ನೆರಡನೇ ದಿನ ಸಹಿ ಹಾಕಿದಳು. ಅವಳೇ ನಮ್ಮಮ್ಮ.

ಗಿರಣಿಯ ಇತಿಹಾಸ ಅಂತ ಒಂದು ದಪ್ಪ ಪುಸ್ತಕ ನಮ್ಮ ಕಪಾಟಿನಲ್ಲೇ ಇದೆ. ಮುಷ್ಕರದಲ್ಲಿ ಹೆಂಗಸರು ಇರಲೇ ಇಲ್ಲ ಎಂದು ಅದರಲ್ಲಿ ಬರೆದಿದ್ದಾರೆ. ಇರಲೇ ಇಲ್ಲವಂತೆ!

ಮುಷ್ಕರ ಮುಗಿದ ಮೇಲೆ ಕಾದಂಬರಿಕಾರರ ಮನೆಗೇ ಮರಳಿದ್ದ ಈ ಹಾಳೆಗಳು ಇಪ್ಪತ್ತಾರು ವರ್ಷದ ಹಿಂದೆ ಇಲ್ಲಿಗೆ ಬಂದವು. ಆಗಿನ ಅಧಿಕಾರಿಗಳು ತಿರುಗಿಸಿ ನೋಡಿ, "ಹಿಂದುಗಡೆ ಏನೋ ಗೀಚಿದಾರೆ, ರಟ್ಟಿಗೆ ಅಂಟಿಸಿಬಿಡಿ, ಗಟ್ಟಿಯಾಗಿರುತ್ತೆ" ಎಂದರು. ನಲವತ್ತು ದಿನ ಹಸಿದವರ ಮಾತು ಇವರಿಗೆ ಗೀಚಿದ್ದು! ಸಾಹಿತ್ಯ ವಿಭಾಗಕ್ಕೆ ಮುಂಬದಿ ಸಾಕಿತ್ತು, ಚಳವಳಿಗಳ ವಿಭಾಗ ಇನ್ನೂ ಹುಟ್ಟಿರಲಿಲ್ಲ. ಬುದ್ಧಿ ಇದ್ದವರು ಮಾಡುವ ಕೆಲಸವೇ ಇದು? ಹಾಗೆ ಅಂಟಿಸುವ ಕೈಯಾದರೂ ಎಂಥದ್ದು?

ಆ ಕೈ ನನ್ನದು.

ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂತು, ಇರಲಿ. ಆಗ ನನ್ನ ಕೆಲಸ ಖಾಯಂ ಆಗಿರಲಿಲ್ಲ. ಹನ್ನೆರಡನೇ ಹಾಳೆಯಲ್ಲಿ ಅಮ್ಮನ ಸೊಟ್ಟ ಸಹಿ ಕಂಡಿತು. ಅದನ್ನೂ ಅಂಟಿಸಿದೆ. ಸಂಜೆ ಮನೆಗೆ ಹೋದರೆ "ನಾನು ಸಹಿ ಹಾಕಿದ್ದ ಹಾಳೆ ಸಿಕ್ತೇನೋ?" ಎಂದಳು. "ಹುಡುಕ್ತಾ ಇದೀವಮ್ಮ" ಎಂದೆ. ಅವತ್ತಿನಿಂದ ಇವತ್ತಿನವರೆಗೂ ಅದನ್ನೇ ಹೇಳಿಕೊಂಡು ಬಂದಿದ್ದೇನೆ. ಅಮ್ಮ, ಅದು ಸುಳ್ಳು. ನನಗೆ ನಾಚಿಕೆಯಾಗುತ್ತಿದೆ.

ನಿರ್ದೇಶಕರೇ, ಹಾಳೆ ಬಿಡಿಸಿ ಎಂದು ನಾನು ಕೊಟ್ಟ ಮೂರು ಅರ್ಜಿಯನ್ನೂ ನೀವು ತಳ್ಳಿಹಾಕಿದಿರಿ. ರಾಸಾಯನಿಕ ಅಂಟು ಹಾಕಿದೆ, ಬಿಡಿಸಿದರೆ ಹರಿಯುತ್ತದೆ, ರಿಜಿಸ್ಟರಿನಲ್ಲೇ ಇದೆ ಎಂದಿರಿ. ರಿಜಿಸ್ಟರ್ ಬರೆದವನೂ ನಾನೇ. ಅದೂ ಸುಳ್ಳು. ಮುಂದೆಂದಾದರೂ ಬಿಡಿಸಲು ಬರಲಿ ಎಂದೇ ನಾನು ಹಾಕಿದ್ದು ಮನೆಯ ಒಲೆಯಲ್ಲಿ ಕಾಸಿದ ಮೈದಾ ಅಂಟು, ತೇವ ಕೊಟ್ಟರೆ ಬಿಡುತ್ತದೆ. ಅವತ್ತು ನನಗಿದ್ದ ಧೈರ್ಯ ಅಷ್ಟೇ. ವಿಚಾರಣೆಯಾದೀತೆಂಬ ಹೆದರಿಕೆಯಲ್ಲಿ ಇಷ್ಟು ವರ್ಷ ಬಾಯಿಬಿಡಲಿಲ್ಲ. ಈಗ ಮಾಡಿ ವಿಚಾರಣೆ. ಹೋದ ಮಂಗಳವಾರ ಯಾರನ್ನೂ ಕೇಳದೆ ಹನ್ನೆರಡನೇ ಹಾಳೆಯ ಮೂಲೆಗೆ ಒದ್ದೆ ಬಟ್ಟೆ ಇಟ್ಟು ನೋಡಿದೆ. ಬಿಟ್ಟಿತು. ಮುಂಬದಿಯ ಶಾಯಿ ಒಂದಿಷ್ಟೂ ಹರಡಿಲ್ಲ, ಹಿಂದೆ ಅಮ್ಮನ ಹೆಸರಿನ ಮೊದಲ ಅಕ್ಷರ ಕಾಣುತ್ತಿದೆ.

ಸಂರಕ್ಷಣಾ ಕೋಣೆಯ ಬೀಗದಕೈಯನ್ನು ನಾನು ಇವತ್ತು ಐದು ಗಂಟೆಗೆ ಒಪ್ಪಿಸಬೇಕು. ಈಗ ಮೂರೂಕಾಲು. ಸಭೆ ಮುಗಿದ ಕೂಡಲೇ ಅಮ್ಮನೂ ನಾನೂ ಮೇಲೆ ಹೋಗುತ್ತೇವೆ. ತಡೆಯಬೇಕೆನ್ನುವವರು ಧಾರಾಳವಾಗಿ ಬನ್ನಿ. ಬರುವಾಗ ಕನ್ನಡಕ ಮಾತ್ರ ತನ್ನಿ, ಓದುವುದು ನಲವತ್ತು ಹಾಳೆ ಇದೆ.

ಇಷ್ಟು ಹೊತ್ತು ನನ್ನ ಸಿಟ್ಟನ್ನು ಸಹಿಸಿದ ನಿಮಗೆಲ್ಲ ಕೃತಜ್ಞ. ಅಮ್ಮ, ಏಳು, ಮೆಟ್ಟಿಲು ಹತ್ತಬೇಕು. ನಮಸ್ಕಾರ.