ಲಾರಿ ಡ್ರೈವರ್‌ನ ಕಣ್ಣೀರು

ಸಿನಿಮಾ ಬಿಟ್ಟಿತ್ತು. ಎದುರಿನ ಬಸ್ ನಿಲ್ದಾಣದಲ್ಲಿ ಯಾರೋ ಅಕ್ಕ, ತಮ್ಮ ನನ್ನ ಮುಂದೆಯೇ ನಿಂತಿದ್ದರು. ಆಗಷ್ಟೇ ಪರದೆಯ ಮೇಲೆ, ಒಂದು ಕೇರಿಯ ಜನರನ್ನೆಲ್ಲ ಕೊಲ್ಲುವ ಜಾಗಕ್ಕೆ ಲಾರಿಯಲ್ಲಿ ಸಾಗಿಸಿ, ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತವನು ಆ ತಮ್ಮನೇ.

“ಹೇಗಿತ್ತಕ್ಕಾ?”

“ನೀನು ಚೆನ್ನಾಗಿ ಅತ್ತೆ ಕಣೋ. ಪಕ್ಕದೋಳು ನನ್ನ ಕರ್ಚೀಫೇ ಕಿತ್ಕೊಂಡ್ಲು.”

“ಮತ್ಯಾಕೆ ಮುಖ ಗಂಟು ಹಾಕ್ಕೊಂಡಿದೀಯ?”

“ನಿಜವಾಗಿ ಆ ಲಾರಿ ಓಡಿಸಿದ ನಮ್ಮಜ್ಜ ಅತ್ತಿದ್ರಾ?”

“ಇಲ್ಲ. ಪ್ರತಿ ಸಲಾನೂ ಲಾರಿ ತೊಳೆದು, ಊಟ ಮಾಡಿ ಮಲಗ್ತಿದ್ರಂತೆ. ಡೈರೆಕ್ಟರಿಗೆ ಹಾಗೇ ಹೇಳಿದ್ದೆ. ಅತ್ತರೇನೇ ಜನ ಕೂತು ನೋಡೋದು ಅಂದ್ರು.”

“ನೀನೂ ಹೂಂ ಅಂದೆ.”

“ಇಷ್ಟು ದೊಡ್ಡ ಪಾತ್ರ ನನಗಿನ್ಯಾರು ಕೊಡ್ತಾರೆ?”

“ಡ್ರೈವರ್ ಮುಖ ಕಣ್ಣಲ್ಲೇ ನಿಂತಿದೆ. ಲಾರಿ ಹಿಂದೆ ಕೂತಿದ್ದೋರಲ್ಲಿ ಒಬ್ಬರ ಮುಖಾನೂ ನೆನಪಿಲ್ಲ.”

ತಮ್ಮ ಚಪ್ಪಲಿಯಿಂದ ನೆಲ ಕೆರೆಯುತ್ತಿದ್ದ.

“ನಾಳೆ ಅಮ್ಮನ್ನ ಕರ್ಕೊಂಡು ಬರ್ಲಾ, ಬೇಡ್ವಾ?” ಅಕ್ಕ ಕೇಳಿದಳು. “ತನ್ನಪ್ಪ ಒಂದ್ಸಲನಾದ್ರೂ ಅತ್ತಿರ್ತಾರೆ ಅಂತ ಈಗಲೂ ಹೇಳ್ತಿರ್ತಾಳೆ. ನೋಡಿದ್ರೆ ನಂಬಿಬಿಡ್ತಾಳೆ.”

“ಕರ್ಕೊಂಡು ಬಾ. ಅತ್ತಿದ್ದು ನಾನು, ಅಜ್ಜ ಅಲ್ಲ ಅಂತ ಪಕ್ಕದಲ್ಲಿ ಕೂತು ನೀನೇ ಹೇಳು.”

ಬಸ್ ಬಂತು. ಅಕ್ಕ ಕಿಟಕಿಯ ಬಳಿ ಕೂತು, ಪಕ್ಕದ ಸೀಟಿನ ಮೇಲಿಟ್ಟಿದ್ದ ತನ್ನ ಬ್ಯಾಗನ್ನು ತಮ್ಮನಿಗಾಗಿ ತೆಗೆದಳು. ತಮ್ಮ ಬಾಗಿಲ ಹತ್ತಿರವೇ ನಿಂತುಬಿಟ್ಟ.